ಶನಿವಾರದ ಸೈರನ್

ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಮರದ ಮಿಲ್ಲಿನ ಗೇಟ್ ಕಾಯುವ ಹೆಂಗಸು ಕೊರಳಲ್ಲಿ ನೇತಾಡುವ ಹಳದಿ ಸೀಟಿಯನ್ನು ಅಂಗೈಯಲ್ಲಿ ಒರೆಸಿಕೊಂಡು ಬಾಯಿಗಿಡುತ್ತಾಳೆ. ಆಟದ ಮೈದಾನದಲ್ಲಿ ಊದುವಂಥ ಪ್ಲಾಸ್ಟಿಕ್ ಸೀಟಿ ಅದು. ಗೇಟಿನಲ್ಲಿ ನಿಂತು ಒಮ್ಮೆ ಊದುತ್ತಾಳೆ. ಗರಗಸದ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲವಾದ್ದರಿಂದ ಶೆಡ್ಡಿನ ಬಾಗಿಲವರೆಗೆ ನಡೆದು ಹೋಗಿ ಇನ್ನೊಮ್ಮೆ ಊದುತ್ತಾಳೆ. ಗರಗಸ ನಿಲ್ಲುತ್ತದೆ. ಮಿಲ್ಲಿಗೆ ಈಗ ಬರುವುದೆಲ್ಲ ಸುಟ್ಟ ಮರ. ಹಾಗಾಗಿ ಕೆಲಸಗಾರರ ಮುಖ, ತೋಳು, ಊಟದ ಡಬ್ಬಿ ಎಲ್ಲಕ್ಕೂ ಕಪ್ಪು ಪುಡಿ ಮೆತ್ತಿರುತ್ತದೆ.

"ರೆಫ್ರಿ ಸೀಟಿ ಹೊಡೆದ್ರು ಕಣ್ರೋ, ಆಟ ಮುಗೀತು, ನಡೀರಿ," ಎಂದು ಒಬ್ಬ ಹೇಳುತ್ತಾನೆ. ಹಿಂದೆ ಇಂಥ ಮಾತಿಗೆ ಮೊದಲು ನಗುತ್ತಿದ್ದವಳು ಆಕೆಯೇ. ಈಗ ಯಾರೂ ನಗುವುದಿಲ್ಲ, ಆಕೆಯ ಮುಖವನ್ನೂ ನೋಡುವುದಿಲ್ಲ. ಅವರು ದಾಟಿ ಹೋಗುವವರೆಗೂ ಆಕೆ ಗೇಟಿನ ಕಂಬಿ ಹಿಡಿದು ನಿಂತಿರುತ್ತಾಳೆ.

ಆಕೆಯ ತಲೆಯ ಮೇಲೆ, ಕಾವಲು ಕೋಣೆಯ ಛಾವಣಿಯಲ್ಲಿ, ಹಳೆಯ ಸೈರನ್ ಇದೆ. ಡ್ರಮ್ಮಿನಷ್ಟು ದಪ್ಪ, ಬಾಯಿ ಕಾಡಿನ ಕಡೆಗೆ. ಕೋಣೆಯೊಳಗಿನ ಅದರ ಹಿಡಿಗೆ ವಿಚಾರಣಾ ಸಮಿತಿಯವರು ಪಟ್ಟಿ ಸುತ್ತಿ ಅರಗಿನ ಮುದ್ರೆ ಒತ್ತಿದ್ದಾರೆ. ಕಾಡ್ಗಿಚ್ಚು ಊರನ್ನು ನುಂಗಿದ ದಿನ ಈ ಸೈರನ್ ಕೂಗಿತೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೂಗಿಸಬೇಕಾಗಿದ್ದವಳು ಈಕೆ.

ಊರಿಗೆ ಆಕೆ ಸೈರನ್ ಅಕ್ಕ. ಗೇಟಿನ ಕೆಲಸ ಮೊದಲು ಗಂಡನದಾಗಿತ್ತು, ಅವನು ತೀರಿಕೊಂಡ ಮೇಲೆ ಈಕೆಗೆ ಬಂತು. ಮಿಲ್ಲು ಕಣಿವೆಯ ನಡುವಿದೆ. ಕೆಳಗೆ ಹೊಳೆ, ಹೊಳೆಯ ಪಕ್ಕ ಶಾಲೆಯ ಮೈದಾನ, ಮೇಲೆ ಕಾಡಿಗೆ ಒತ್ತಿಕೊಂಡಂತೆ ಮೇಲಿನ ಬೀದಿ. ಪಾಳಿಯ ಸೈರನ್ ಎಂದರೆ ಈ ಊರಿಗೆ ಬರೀ ಮಿಲ್ಲಿನ ಸದ್ದಲ್ಲ. ಅದು ಕೂಗಿದರೆ ಗೇಟಿನೆದುರಿನ ಟೀ ಅಂಗಡಿಯವನು ಹಾಲು ಕಾಯಲಿಡುತ್ತಿದ್ದ. ಮೇಲಿನ ಬೀದಿಯ ಹೆಂಗಸರು ಗಂಡಂದಿರಿಗೆ ಸ್ನಾನದ ನೀರಿಡುತ್ತಿದ್ದರು. ಆಡುತ್ತಿದ್ದ ಮಕ್ಕಳು ಬೈಸಿಕೊಳ್ಳುವ ಮೊದಲೇ ಒಳಗೆ ಬರುತ್ತಿದ್ದರು. ಸೈರನ್ ಕೇಳಿತೇ ಎಂದು ಯಾರಾದರೂ ಕೇಳಿದ್ದರೆ ಅವರಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಕೇಳಿಸಿಕೊಳ್ಳುವ ಗೋಜಿಲ್ಲದೆ ಕೈಗಳು ತಮ್ಮ ಪಾಡಿಗೆ ಕೆಲಸ ಶುರುಮಾಡುತ್ತಿದ್ದವು.

ಶನಿವಾರಕ್ಕೆ ಒಂದು ವಿಶೇಷವಿತ್ತು. ಪಟ್ಟಣಕ್ಕೆ ಹೋಗುವ ಕೊನೆಯ ಬಸ್ಸು ಸರಿಯಾಗಿ ಪಾಳಿ ಮುಗಿಯುವ ವೇಳೆಗೇ ಹೊರಡುತ್ತಿತ್ತು. ಕೆಲಸಗಾರರು ಗೇಟು ದಾಟುವಷ್ಟರಲ್ಲಿ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಅದಕ್ಕಾಗಿ ಆಕೆ ಶನಿವಾರ ಸೈರನ್ನನ್ನು ಸ್ವಲ್ಪ ಮುಂಚೆಯೇ ಕೂಗಿಸುತ್ತಿದ್ದಳು. ಮ್ಯಾನೇಜರಿಗೂ ಗೊತ್ತಿತ್ತು. "ನಿಮ್ಮ ಗಡಿಯಾರ ಶನಿವಾರ ಮಾತ್ರ ಓಡುತ್ತಲ್ಲಮ್ಮಾ," ಎಂದು ಒಮ್ಮೆ ಅಂದರು. "ವಾರವೆಲ್ಲಾ ದುಡಿದು ಸುಸ್ತಾಗಿರುತ್ತೆ ಸಾರ್, ಬೇಗ ಮನೆಗೆ ಹೋಗ್ಬೇಕು ಅನ್ಸುತ್ತೆ ಅದಕ್ಕೂ," ಎಂದು ಆಕೆ ಉತ್ತರ ಕೊಟ್ಟಳು. ಅವರು ನಕ್ಕು ಒಳಗೆ ಹೋದರು. ಆವತ್ತಿನಿಂದ ಅದು ಊರಿನ ಪದ್ಧತಿಯೇ ಆಯಿತು.

ಬೆಂಕಿ ಬಂದದ್ದು ಶನಿವಾರ. ಗುಡ್ಡದ ಆಚೆ ಅದು ವಾರದಿಂದ ಉರಿಯುತ್ತಲೇ ಇತ್ತು. ಹೊಗೆ ಊರಿಗೆ ಅಭ್ಯಾಸವಾಗಿತ್ತು. ಕೆಮ್ಮುತ್ತಲೇ ಕೆಲಸಕ್ಕೆ ಬರುತ್ತಿದ್ದರು. ಮ್ಯಾನೇಜರ್ ಅಂದು ಊರಲ್ಲಿರಲಿಲ್ಲ. ಪಾಳಿ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿರುವಾಗ ಅರಣ್ಯದವರ ಕಾವಲು ಗೋಪುರದಿಂದ ಗೇಟಿನ ಫೋನಿಗೆ ಕರೆ ಬಂತು. ಗಾಳಿ ತಿರುಗಿದೆ, ಊರು ಖಾಲಿ ಮಾಡಿಸಿ. ಪಾಳಿಗೆ ಒಂದು ಉದ್ದ ಕೂಗು, ಬೆಂಕಿಗೆ ಬಿಟ್ಟು ಬಿಟ್ಟು ಮೂರು. ಕಾವಲು ಕೋಣೆಯ ಗೋಡೆಯ ಮೇಲೆ ಹಾಗೆ ಬರೆದಿದೆ. ಆಕೆ ಹಿಡಿ ಎಳೆದಳು. ಸೈರನ್ ಏರಿತು, ಕೂಗಿತು. ಬಿಟ್ಟಳು. ಮತ್ತೆ ಎಳೆದಳು. ಏನೂ ಆಗಲಿಲ್ಲ. ಗುಡ್ಡದ ಮೇಲಿನ ವಿದ್ಯುತ್ ಕಂಬಗಳು ಅಷ್ಟರಲ್ಲಿ ಉರುಳಿದ್ದವು. ಸೈರನ್ನಿನ ಚಕ್ರ ತಾನಾಗಿ ನಿಧಾನವಾಗುತ್ತಾ, ನರಳುತ್ತಾ ನಿಂತಿತು. ಆಕೆ ಹಿಡಿಯನ್ನು ಎಳೆದಳು, ಎಳೆದಳು, ಆಮೇಲೆ ಬಿಟ್ಟು ಶೆಡ್ಡಿನ ಕಡೆ ಕೂಗಿಕೊಂಡು ಓಡಿದಳು.

ಅಷ್ಟರಲ್ಲಿ ಊರು ಕೇಳಿದ್ದು ಒಂದೇ ಉದ್ದ ಕೂಗು, ಅದೂ ಶನಿವಾರ, ಸ್ವಲ್ಪ ಮುಂಚೆ.

ಮಿಲ್ಲಿನವರನ್ನು ಮರದ ಲಾರಿಗಳಲ್ಲಿ ಹೊಳೆಯ ಮೈದಾನಕ್ಕೆ ಸಾಗಿಸಿದರು. ಶಾಲೆಯ ಮಕ್ಕಳೂ ಬಚಾವಾದರು. ಮೇಲಿನ ಬೀದಿಗೆ ಹೋಗುವ ದಾರಿಯನ್ನು ಬೆಂಕಿ ಮೊದಲೇ ಕತ್ತರಿಸಿತ್ತು. ಸತ್ತವರು ಹನ್ನೊಂದು ಮಂದಿ, ಎಲ್ಲರೂ ಆ ಬೀದಿಯವರು. ಒಬ್ಬಳು ಸೈರನ್ ಅಕ್ಕನ ತಮ್ಮನ ಹೆಂಡತಿ. ತಮ್ಮ ಇದೇ ಮಿಲ್ಲಿನಲ್ಲಿ ಗರಗಸದ ಕೆಲಸಗಾರ.

ಸಮಿತಿ ಬಂದಾಗ ಬೇಸಿಗೆ ಕಳೆದಿತ್ತು. ಶಾಲೆಯ ಸಭಾಂಗಣದಲ್ಲಿ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಯಾರನ್ನೂ ಗದರದೆ, ನೀರು ಕೊಟ್ಟು ಮಾತಾಡಿಸುತ್ತಿದ್ದರು. ಸೈರನ್ ಕೇಳಿತೇ ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ. ಇಲ್ಲ ಸಾರ್. ಕೂಗಿದ್ದರೆ ನಾವು ಓಡುತ್ತಿರಲಿಲ್ಲವೇ? ಮಿಲ್ಲಿನವರೂ ಅದನ್ನೇ ಅಂದರು. ಕರೆಂಟು ಹೋಯಿತು, ಗರಗಸ ನಿಂತಿತು, ಅಕ್ಕ ಚೀರಿಕೊಂಡು ಬಂದಳು, ಅಷ್ಟೇ ನೆನಪು. ಅವರಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇರಲಿಲ್ಲ. ದಿನಾ ಕೇಳುವ ಸದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಒಂದು ಸಲ ಕೂಗಿತು ಸಾರ್," ಎಂದು ಆಕೆ ಹೇಳಿದಳು. ಶನಿವಾರದ ಪದ್ಧತಿಯನ್ನೂ ಮುಚ್ಚಿಡದೆ ಹೇಳಿದಳು.

"ನಿಮ್ಮ ಹೊರತು ಕೇಳಿದವರು ಯಾರಾದ್ರೂ ಇದ್ದಾರೇನಮ್ಮಾ?"

ಆಕೆ ಸಭೆಯ ಕಡೆ ತಿರುಗಿ ನೋಡಿದಳು. ಮುಂದಿನ ಸಾಲಿನವರು ಕಾಲಿನ ಕಡೆ ನೋಡಿದರು. "ಇಲ್ಲ ಸಾರ್," ಅಂದಳು.

ಕೊನೆಯದಕ್ಕೆ ಮುಂಚಿನ ಬೈಠಕ್ಕಿನಲ್ಲಿ ಸಮಿತಿ ತನ್ನ ಕರಡು ಅಭಿಪ್ರಾಯವನ್ನು ಓದಿ ಹೇಳಿತು. ಎಚ್ಚರಿಕೆಯ ಸೈರನ್ ಕೂಗಿಲ್ಲ. ಗೇಟ್ ಕಾವಲುಗಾರ್ತಿ ಗಾಬರಿಯಲ್ಲಿ ಕರ್ತವ್ಯ ತಪ್ಪಿದ್ದಾಳೆ. ಪರಿಹಾರವೇನೆಂದರೆ ಅದೇ ಸೈರನ್ನಿಗೆ ಬ್ಯಾಟರಿ ಜೋಡಿಸಿ, ಹೆಚ್ಚು ಹೊಣೆಯರಿತ ಒಬ್ಬರನ್ನು ನೇಮಿಸುವುದು. ಕೆಲಸ ಹೋಗುತ್ತದೆ ಎಂಬುದು ಆಕೆಗೆ ಅರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಕೊನೆಯ ಮಾತು. ಅದೇ ಸೈರನ್, ಅದೇ ಛಾವಣಿ. ಮತ್ತೊಂದು ಬೇಸಿಗೆಯಲ್ಲಿ ಅದು ಮತ್ತೆ ಕೂಗುತ್ತದೆ, ಊರು ಮತ್ತೆ ಹಾಲು ಕಾಯಲಿಡುತ್ತದೆ.

ಪುನರ್ವಸತಿಗೆಂದು ಮೈದಾನದ ಅಂಚಿನಲ್ಲಿ ತಗಡಿನ ಕೋಣೆಗಳ ಸಾಲು ಎಬ್ಬಿಸಿದ್ದಾರೆ. ಅದರಲ್ಲೊಂದು ಕೋಣೆ ಇವರದು. ಆಕೆ, ತಮ್ಮ, ತಮ್ಮನ ಮಗಳು. ನಡುವೆ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟಿದ್ದಾರೆ. ಹುಡುಗಿ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಬೆಂಕಿಯ ದಿನ ಆಟದ ಅಭ್ಯಾಸಕ್ಕೆಂದು ಇದೇ ಮೈದಾನದಲ್ಲಿದ್ದಳು. ಅವಳು ಅತ್ತೆಯ ಜೊತೆ ಮಾತು ಬಿಟ್ಟು ತಿಂಗಳುಗಳಾಗಿವೆ. ಅತ್ತೆ ಬಡಿಸಿದ್ದನ್ನು ತಿನ್ನುತ್ತಾಳೆ, ಅತ್ತೆ ಮಡಚಿಟ್ಟ ಬಟ್ಟೆ ಹಾಕಿಕೊಳ್ಳುತ್ತಾಳೆ. ಮಾತು ಮಾತ್ರ ಅಪ್ಪನ ಮೂಲಕ.

"ಅಪ್ಪಾ, ಉಪ್ಪು ಮುಗಿದಿದೆ ಅಂತ ಹೇಳು."

"ಕೈಗೆಟುಕೋ ದೂರದಲ್ಲಿದ್ದಾಳಲ್ಲೇ, ನೀನೇ ಹೇಳು."

"ನಂಗೆ ಉಪ್ಪು ಬೇಡ ಬಿಡು."

ಒಂದೇ ಒಂದು ಸಲ ಅವಳು ನೇರವಾಗಿ ಕೇಳಿದ್ದಳು. "ಒಂದು ಹಿಡಿ ಎಳೆಯೋಕೆ ಆಗ್ಲಿಲ್ವಾ ನಿಂಗೆ?"

"ಎಳೆದೆ ಕಣೇ."

"ಹಾಗಾದ್ರೆ ಊರೋರೆಲ್ಲಾ ಸುಳ್ಳಾ? ಕೂಗಿದ್ರೆ ಅಮ್ಮ ಮನೇಲಿ ಯಾಕೆ ಕೂತಿರ್ತಾ ಇದ್ಲು?"

ಯಾಕೆ ಕೂತಿದ್ದಳು ಎಂಬುದು ಅತ್ತೆಗೆ ಗೊತ್ತಿತ್ತು. ಬೆಂಕಿಯ ದಿನ ಸಂಜೆ, ಇದೇ ಮೈದಾನದಲ್ಲಿ, ತಮ್ಮ ಆಕೆಯ ತೋಳು ಹಿಡಿದುಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದ. ಆಗ ಅವನಿಗೂ ಅದರ ಅರ್ಥ ಹೊಳೆದಿರಲಿಲ್ಲ. "ಸೈರನ್ ಆದ ತಕ್ಷಣ ಫೋನ್ ಮಾಡಿದ್ಲು ಅಕ್ಕ. ಹೊಗೆ ಜಾಸ್ತಿ ಕಾಣ್ತಿದೆ, ಕೆಳಗೆ ಬರ್ಲಾ ಅಂದ್ಲು. ಯಾಕೆ, ಸೈರನ್ ಆಯ್ತಲ್ಲ, ನಾನೇ ಬರ್ತಿದೀನಿ, ನೀರು ಕಾಯಿಸಿಡು, ಎಲ್ಲೂ ಹೋಗ್ಬೇಡ ಅಂದೆ." ಕೆಲಸ ಬಿಟ್ಟ ಕೂಡಲೇ ಹೆಂಡತಿಯ ಕರೆ ಬರುವುದು ದಿನಾ ಇದ್ದದ್ದೇ. ಅಕ್ಕ ಕೂಗಿಕೊಂಡು ಬಂದ ಮೇಲೆ ಅವನು ತಿರುಗಿ ಮಾಡಿದ ಕರೆ ತಾಗಲೇ ಇಲ್ಲ. ಆಮೇಲೆ ಅವನಿಗೆ ಅರ್ಥವಾಯಿತು. ಅಂದಿನಿಂದ ಆ ಮಾತನ್ನು ಅವನು ಎತ್ತಲಿಲ್ಲ. ಸಮಿತಿಯ ಮುಂದೆ, ಸೈರನ್ ನೆನಪಿಲ್ಲ ಎಂದ.

ಕರಡು ಓದಿದ ದಿನ ಅವನು ಬೀದಿ ನಲ್ಲಿಯ ಬಳಿ ಅಕ್ಕನ ಕೊಡ ತುಂಬಿಸುತ್ತಾ ನಿಂತಿದ್ದ. ಕೊಡ ತುಂಬಿ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸಿರಲಿಲ್ಲ.

"ನಾನು ಹೇಳ್ತೀನಿ ಅಕ್ಕ. ಕೊನೆ ಬೈಠಕ್ಕಲ್ಲಿ ಎದ್ದು ನಿಂತು ಹೇಳ್ಬಿಡ್ತೀನಿ."

"ಏನಂತ ಹೇಳ್ತೀಯೋ? ಮಗಳು ಅಲ್ಲೇ ಕೂತಿರ್ತಾಳೆ."

"ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ. ಅವಳಿಗೆ ಅಮ್ಮ ಇಲ್ಲ, ಇರೋದು ನೀನೊಬ್ಬ. ನಿನ್ನನ್ನೂ ಕಳಕೊಂಡ್ರೆ ಆ ಮಗು ಯಾರನ್ನ ನೋಡ್ಬೇಕು? ಅತ್ತೆ ಮೇಲೆ ಕೋಪ ಇಟ್ಕೊಂಡು ಬದುಕಬಹುದು. ಎಷ್ಟೋ ಜನ ಬದುಕ್ತಿದ್ದಾರೆ. ನಲ್ಲಿ ನಿಲ್ಸು, ನೀರು ಪೋಲಾಗ್ತಿದೆ."

ಅವನು ನಲ್ಲಿ ನಿಲ್ಲಿಸಿದ. ಆಣೆ ಮಾಡಿಸಿಕೊಳ್ಳದಿದ್ದರೂ ಅವನ ಒಪ್ಪಿಗೆ ಆಣೆಯಷ್ಟೇ ಗಟ್ಟಿ ಎಂದು ಆಕೆ ನಂಬಿದಳು.

ಕೊನೆಯ ಬೈಠಕ್ಕಿಗೆ ಸಭಾಂಗಣ ತುಂಬಿತ್ತು. ಮಿಲ್ಲಿನವರು ಪಾಳಿಯ ನಡುವೆ ಬಂದಿದ್ದರಿಂದ ಡಬ್ಬಿಗಳನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದರು. ಆಕೆ ಎರಡನೆಯ ಸಾಲಿನಲ್ಲಿ, ತಮ್ಮ ಅವಳ ಹಿಂದೆ, ಹುಡುಗಿ ಕಿಟಕಿಯ ಪಕ್ಕ ಗೆಳತಿಯರ ಜೊತೆ. ಸೈರನ್ನಿನ ಸದ್ದು ಎಲ್ಲೆಲ್ಲಿಗೆ ಮುಟ್ಟುತ್ತದೆಂದು ಅಳೆಯಲು ವಿದ್ಯುತ್ ಇನ್‌ಸ್ಪೆಕ್ಟರು ಮಿಲ್ಲಿಗೆ ಹೋಗಿದ್ದಾರೆ, ಮುದ್ರೆ ಒಡೆದು ಒಮ್ಮೆ ಕೂಗಿಸುತ್ತಾರೆ, ಯಾರೂ ಹೆದರಬಾರದು ಎಂದು ಅಧ್ಯಕ್ಷರು ಮೊದಲೇ ತಿಳಿಸಿದ್ದರು. ಒಂದಿಬ್ಬರು ಹೆಂಗಸರು ಅದನ್ನು ಕೇಳಲಾರೆವೆಂದು ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗಿದ್ದರು.

ಸಾಕ್ಷಿಯ ಕುರ್ಚಿಯಲ್ಲಿ ಟೀ ಅಂಗಡಿಯವನು ಕೂತಿದ್ದ. ಎರಡನೆಯ ಸಲ ಕರೆಸಿದ್ದರಿಂದ ಅವನಿಗೆ ಕಿರಿಕಿರಿಯಾಗಿತ್ತು. "ಆವತ್ತೇ ಹೇಳಿದೀನಲ್ಲಾ ಸಾರ್, ಗೇಟಿನ ಎದುರೇ ನನ್ನ ಅಂಗಡಿ. ಆ ಸೈರನ್ ಕೂಗಿದ್ರೆ ನನ್ನ ಲೋಟ ಎಲ್ಲಾ ನಡುಗುತ್ತೆ. ಕೂಗಿದ್ದು ನಂಗೆ ಕೇಳ್ಲಿಲ್ಲ ಅಂದ್ರೆ ಅದು ಕೂಗೇ ಇಲ್ಲ. ಅಕ್ಕನ ಮೇಲೆ ನಂಗೇನೂ..."

ಸೈರನ್ ಕೂಗಿತು.

ತಿಂಗಳುಗಟ್ಟಲೆ ಸುಮ್ಮನಿದ್ದ ಸದ್ದು ತಗ್ಗಿದ ದನಿಯಿಂದ ಏರಿ ಸಭಾಂಗಣದ ಗಾಜುಗಳನ್ನು ಸಣ್ಣಗೆ ನಡುಗಿಸಿತು. ಯಾರೂ ಚೀರಲಿಲ್ಲ, ಯಾರೂ ಬಾಗಿಲ ಕಡೆ ಓಡಲಿಲ್ಲ. ಮಿಲ್ಲಿನವರ ಕೈಗಳು ಕುರ್ಚಿಯ ಕೆಳಗಿನ ಡಬ್ಬಿಗೆ ಹೋದವು. ಹಿಂದಿನ ಸಾಲಿನ ಮುದುಕರೊಬ್ಬರು ಕೈಗಡಿಯಾರ ನೋಡಿ ಪಾಳಿಯ ಹೊತ್ತಿಗೆ ಮುಳ್ಳು ತಿರುಗಿಸಿದರು. ಒಬ್ಬಾಕೆ ಕೈಚೀಲದ ಜಿಪ್ ಎಳೆದು ಅರ್ಧ ಎದ್ದಳು. ಟೀ ಅಂಗಡಿಯವನು ಮಾತನ್ನು ಅಲ್ಲಿಗೇ ಬಿಟ್ಟು, ಸಭೆಯಲ್ಲಿದ್ದ ಹೆಂಡತಿಯ ಕಡೆ ತಿರುಗಿ, ದಿನಾ ಹೇಳುವ ದನಿಯಲ್ಲಿ ಹೇಳಿದ. "ಏ, ಹಾಲು ಇಡೇ."

ಯಾರೋ ಕಿಸಕ್ಕೆಂದರು. ಆ ನಗು ಅರ್ಧಕ್ಕೇ ನಿಂತಿತು. ಡಬ್ಬಿ ಹಿಡಿದಿದ್ದವರು ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಅರ್ಧ ಎದ್ದವಳು ಹಾಗೆಯೇ ನಿಂತಿದ್ದಳು, ಕೂರಬೇಕೋ ಹೋಗಬೇಕೋ ತಿಳಿಯದೆ.

"ಏನಂದ್ರಿ?" ಎಂದು ಅಧ್ಯಕ್ಷರು ಕೇಳಿದರು.

"ಏನಿಲ್ಲಾ ಸಾರ್. ಅಭ್ಯಾಸ."

"ಬೆಂಕಿಯ ದಿನ ಹಾಲು ಇಟ್ಟಿದ್ರಾ?"

"ಇಟ್ಟಿದ್ದೆ ಸಾರ್. ಉಕ್ಕಿ ಎಲ್ಲಾ ಚೆಲ್ತು. ಒಲೆ ಆರಿಸದೆ ಓಡಿಬಿಟ್ಟೆ ಅಂತ ಹೊಳೆ ಮುಟ್ಟೋವರೆಗೂ ಇವಳು ಬೈತಾನೇ ಇದ್ಲು." ಸೈರನ್ನಿನ ಚಕ್ರ ಇನ್ನೂ ನರಳುತ್ತಿತ್ತು.

"ಏನು ಕೇಳಿ ಇಟ್ರಿ?" ಅಧ್ಯಕ್ಷರ ದನಿ ಏರಲಿಲ್ಲ.

ಟೀ ಅಂಗಡಿಯವನು ಎರಡನೆಯ ಸಾಲಿನ ಕಡೆ ನೋಡಿದ. "ಅಕ್ಕಾ," ಅಂದ. "ಕೂಗಿತ್ತು ಕಣಕ್ಕಾ. ಅಯ್ಯೋ, ಕೂಗಿತ್ತು." ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಶುರುಮಾಡಿದರು. ನಾನು ಗಡಿಯಾರ ನೋಡಿದ್ದೆ, ಇವತ್ತೂ ಮುಂಚೇನೇ ಬಿಟ್ಲು ಅಂದ್ಕೊಂಡೆ. ನಾನು ಬಸ್ಸಿಗೆ ಚಿಲ್ಲರೆ ತೆಗೆದಿಟ್ಟಿದ್ದೆ. ನನ್ನ ಮಗ ಆಟ ಬಿಟ್ಟು ಒಳಗೆ ಬಂದಿದ್ದ. ಬರೆದುಕೊಳ್ಳುವ ಗುಮಾಸ್ತನಿಗೆ ಕೈ ಸಾಲಲಿಲ್ಲ. ಸೈರನ್ ಅಕ್ಕನ ಹೆಸರಿಗೆ ಮೆತ್ತಿದ್ದ ಮಸಿ ಎಲ್ಲರ ಕಣ್ಣೆದುರು ಉದುರುತ್ತಿತ್ತು. ಆಕೆಗೆ ಇದ್ದದ್ದು ಒಂದೇ ಆಸೆ, ಇದು ಇಲ್ಲಿಗೆ ನಿಲ್ಲಲಿ ಎಂಬುದು. ಕೂಗಿತ್ತು ಎಂದು ಸಾಬೀತಾಯಿತು. ಇನ್ನು ಯಾರೂ ಏನೂ ಹೇಳಬೇಕಾಗಿಲ್ಲ.

ಆಕೆ ಹಿಂತಿರುಗಿ ನೋಡಿದಳು. ತಮ್ಮನ ಬಲಗೈ ಅಂಗಿಯ ಜೇಬಿನಲ್ಲಿತ್ತು. ಸೈರನ್ ಕೂಗಿದ ಕ್ಷಣಕ್ಕೆ ಅದು ತಾನಾಗಿ ಅಲ್ಲಿಗೆ ಹೋಗಿತ್ತು. ಅವನು ಫೋನ್ ಹೊರಗೆ ತೆಗೆದ. ಅದರ ಮೇಲೆ ಯಾರ ಕರೆಯೂ ಇರಲಿಲ್ಲ. ಅವನು ಅದನ್ನೇ ನೋಡುತ್ತಿದ್ದ.

"ಸದ್ದು ಮೇಲಿನ ಬೀದಿಗೂ ಮುಟ್ಟಿದೆ ಅಂತಾಯ್ತು," ಎಂದು ಅಧ್ಯಕ್ಷರು ಹೇಳುತ್ತಿದ್ದರು. "ಅಲ್ಲಿಯವರು ಅದನ್ನ ಏನು ಅಂತ ತಿಳ್ಕೊಂಡ್ರು ಅನ್ನೋದು ಮಾತ್ರ ನಮಗೆ ಗೊತ್ತಾಗೋದಿಲ್ಲ. ಹೇಳೋದಕ್ಕೆ ಅವರಿಲ್ಲ."

ತಮ್ಮ ಎದ್ದು ನಿಂತ.

"ಕೂತ್ಕೊಳ್ಳೋ," ಎಂದಳು ಅಕ್ಕ. ಮೆಲ್ಲಗೆ, ಹಲ್ಲು ಕಚ್ಚಿ. "ಕೂತ್ಕೋ, ಮುಗೀತು."

"ನಂಗೆ ಗೊತ್ತು ಸಾರ್," ಎಂದ ಅವನು.

"ನಿನ್ನ ಕಾಲಿಗೆ ಬೀಳ್ತೀನಿ ಕಣೋ." ಆಕೆ ಅವನ ಅಂಗಿಯ ತುದಿ ಹಿಡಿದು ಎಳೆದಳು. ಅವನು ಅಂಗಿ ಬಿಡಿಸಿಕೊಳ್ಳಲಿಲ್ಲ, ಕೂರಲೂ ಇಲ್ಲ. ಹಾಗೆಯೇ ಬಾಗಿ ನಿಂತು, ಹೆಂಡತಿ ಕೇಳಿದ್ದನ್ನೂ ತಾನು ಹೇಳಿದ್ದನ್ನೂ ಒಂದು ಮಾತು ಬಿಡದೆ ಹೇಳಿದ. ಹೊಗೆ ಜಾಸ್ತಿ ಕಾಣ್ತಿದೆ, ಕೆಳಗೆ ಬರ್ಲಾ. ನೀರು ಕಾಯಿಸಿಡು. ಎಲ್ಲೂ ಹೋಗ್ಬೇಡ. ಈ ಮಾತುಗಳನ್ನು ಹೇಳುವಾಗ ಅವನ ದನಿ ಬದಲಾಯಿತು. ಮನೆಯಲ್ಲಿ ಮಾತಾಡುವ ದನಿ ಬಂತು. "ಅವಳು ಓಡೋಳೇ ಇದ್ಲು ಸಾರ್. ಸೈರನ್ ಕೂಗದೇ ಇದ್ದಿದ್ರೆ ಓಡಿರೋಳು."

ಗುಮಾಸ್ತ ಬರೆದುಕೊಂಡ. ಕಿಟಕಿಯ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಹುಡುಗಿ ಗೆಳತಿಯರ ಮೊಣಕಾಲುಗಳನ್ನು ದಾಟಿ, ಅಪ್ಪನ ಮುಂದಿನಿಂದಲೇ, ಅವನ ಕಡೆ ನೋಡದೆ ಹೊರಗೆ ಹೋದಳು.

ಆ ಸಂಜೆ ತಗಡಿನ ಕೋಣೆಯಲ್ಲಿ ಅವಳು ಬಟ್ಟೆ ಜೋಡಿಸಿಕೊಳ್ಳುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತಳು.

"ನಿಂಗೆ ಮೊದಲೇ ಗೊತ್ತಿತ್ತಾ?" ಹುಡುಗಿ ನೇರವಾಗಿ ಕೇಳಿದಳು. ತಿಂಗಳುಗಳ ಮೇಲೆ ಆಡಿದ ಮೊದಲ ಮಾತು.

"ಗೊತ್ತಿತ್ತು."

"ನಾನು ನಿನ್ನ ಜೊತೆ ಮಾತು ಬಿಟ್ಟಾಗ್ಲೂ ಗೊತ್ತಿತ್ತಾ?"

"ಹೂಂ."

"ಇಬ್ರೂ ಸೇರ್ಕೊಂಡು ನನ್ನ ಆಟ ಆಡಿಸಿದ್ರಿ," ಎಂದಳು ಹುಡುಗಿ. "ಅಮ್ಮ ಕಾಯ್ತಾ ಕೂತಿದ್ಲು ಅಂತ ನಂಗೊಬ್ಬಳಿಗೇ ಗೊತ್ತಿರ್ಲಿಲ್ಲ."

ಅತ್ತೆ ಒಳಗೆ ಬಂದು, ಅವಳು ತುರುಕುತ್ತಿದ್ದ ಸ್ವೆಟರನ್ನು ತೆಗೆದು ಮಡಚಿ ಮತ್ತೆ ಚೀಲದಲ್ಲಿಟ್ಟಳು. ಬೇರೇನು ಮಾಡಬೇಕೆಂದು ತೋಚಲಿಲ್ಲ. ತಮ್ಮ ಬೆಡ್‌ಶೀಟಿನ ಆಚೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನು ಎದ್ದಿದ್ದಾನೆಂದು ಮೂವರಿಗೂ ಗೊತ್ತಿತ್ತು. ಬೆಳಿಗ್ಗೆ ಹುಡುಗಿ ದೊಡ್ಡಮ್ಮನ ಊರಿಗೆ ಬಸ್ಸು ಹತ್ತಿದಳು. ಅಲ್ಲಿಯ ಕಾಲೇಜಿಗೇ ಸೇರಿಕೊಂಡಿದ್ದಾಳೆ. ಅಪ್ಪ ಫೋನ್ ಮಾಡಿದರೆ ದೊಡ್ಡಮ್ಮ ಎತ್ತುತ್ತಾಳೆ. ಊಟ ಮಾಡಿದ್ದಾಳೆ, ಚೆನ್ನಾಗಿದ್ದಾಳೆ, ಈಗ ಮಲಗಿದ್ದಾಳೆ ಎಂದು ಹೇಳುತ್ತಾಳೆ. ಯಾವ ಹೊತ್ತಿಗೆ ಮಾಡಿದರೂ ಇದೇ ಉತ್ತರ.

ಸಮಿತಿಯ ವರದಿ ಅಚ್ಚಾಗಿ ಬಂದಿದೆ. ಸೈರನ್ ಕೂಗಿತ್ತು ಎಂದೂ, ಊರು ಅದನ್ನು ಪಾಳಿಯ ಸೈರನ್ ಎಂದುಕೊಂಡಿತೆಂದೂ, ಕೆಲವರು ಅದರಿಂದಲೇ ಮನೆಯಲ್ಲಿ ಉಳಿದರೆಂದೂ ಬರೆದಿದ್ದಾರೆ. ದಿನನಿತ್ಯದ ಕೆಲಸಕ್ಕೆ ಬಳಸುವ ಸದ್ದನ್ನು ಇನ್ನು ಯಾವ ಊರಿನಲ್ಲೂ ಬೆಂಕಿಯ ಎಚ್ಚರಿಕೆಗೆ ಬಳಸಬಾರದು ಎಂಬುದು ಮೊದಲ ಶಿಫಾರಸು. ಅದಕ್ಕೆ ಆಧಾರವೆಂದು ಒಬ್ಬ ಗರಗಸದ ಕೆಲಸಗಾರನ ಹೇಳಿಕೆಯನ್ನು ಇಡಿಯಾಗಿ ಕೊಟ್ಟಿದ್ದಾರೆ. ಕಾವಲುಗಾರ್ತಿಯ ಕರ್ತವ್ಯಲೋಪದ ಮಾತು ಅದರಲ್ಲಿಲ್ಲ. ಟೀ ಅಂಗಡಿಯವನು ಈಗ ಆಕೆಯಿಂದ ದುಡ್ಡು ಮುಟ್ಟುವುದಿಲ್ಲ. ಆಕೆ ಅವನ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಹೊಸ ಸೈರನ್ ಮುಂದಿನ ತಿಂಗಳು ಶಾಲೆಯ ಪಕ್ಕದ ಕಂಬಕ್ಕೆ ಏರಲಿದೆ. ಅದರ ಕೂಗು ಬೇರೆ, ಬ್ಯಾಟರಿ ಬೇರೆ. ಮಿಲ್ಲಿನ ಪಾಳಿಗೆ ಸೀಟಿಯೇ ಮುಂದುವರಿಯುತ್ತದೆ. ಹೊಸ ಸೈರನ್ನನ್ನು ಮೊದಲು ಕೂಗಿಸಿ ನೋಡುವ ದಿನ ಊರಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಹೊಳೆಯ ಮೈದಾನಕ್ಕೆ ನಡೆದು ಹೋಗಬೇಕು. ಎಲ್ಲರೂ ಊರಲ್ಲಿರುವ ದಿನ ಬೇಕೆಂದು ಶನಿವಾರ ಗೊತ್ತುಮಾಡಿದ್ದಾರೆ. ಹಿಡಿ ಎಳೆಯಲು ಆಕೆಯನ್ನೇ ನೇಮಿಸಿದ್ದಾರೆ.